ಬರಕ್ಕೆ ಮುಂಚಿನ ಧರ್ಮ

ಹಸಿದವನಿಗೆ ಅನ್ನ ನೀಡುವುದು, ರೋಗಿಗೆ ಔಷಧ ಒದಗಿಸುವುದು, ಅಂಜಿದವನಿಗೆ ಅಭಯ ಕೊಡುವುದು ಧರ್ಮವೆಂಬುದರಲ್ಲಿ ಯಾವ ಮತದವರಿಗೂ ಸಂಶಯವಿಲ್ಲ. ಬರ ಬಂದಾಗ ಗಂಜಿಕೇಂದ್ರ ತೆರೆಯುವವರು, ನೆರೆ ಬಂದಾಗ ಹೊದಿಕೆ ಹಂಚುವವರು, ಗೋಶಾಲೆಗೆ ಮೇವಿನ ಲಾರಿ ಕಳುಹಿಸುವವರು ಕನ್ನಡ ನಾಡಿನ ಪ್ರತಿಯೊಂದು ಪೇಟೆಯಲ್ಲಿಯೂ ಇದ್ದಾರೆ. ಅವರ ಔದಾರ್ಯವನ್ನು ಕಡಿಮೆಯೆಂದು ಎಣಿಸಬೇಕಾಗಿಲ್ಲ. ಆದರೆ ಈ ದಾನಧರ್ಮದ ಹಿಂದೆ ಒಂದು ಪ್ರಶ್ನೆ ಯಾರೂ ಕೇಳದೆ ಉಳಿದುಬಿಟ್ಟಿದೆ. ಆಪತ್ತು ಬಂದ ಮೇಲೆ ಕೊಡುವುದರಲ್ಲಿ ಪುಣ್ಯವಿದೆಯೆಂದಾದರೆ, ಆಪತ್ತು ಬರುವ ಮುನ್ನ ತನ್ನ ಭೋಗಕ್ಕೆ ಮಿತಿ ಹಾಕಿಕೊಳ್ಳದೆ ಇದ್ದುದಕ್ಕೆ ಹೊಣೆ ಇಲ್ಲವೇ? ಮೊದಲು ನೀರೆಲ್ಲವನ್ನೂ ಎತ್ತಿ ಬಳಸಿ, ಆಮೇಲೆ ಬಾಯಾರಿದವರಿಗೆ ಟ್ಯಾಂಕರ್ ಕಳುಹಿಸಿದರೆ ಆ ದಾನದ ಬೆಲೆ ಎಷ್ಟು?

ಹಿಂದೆ ಬರವೆಂಬುದು ದೈವದ ಮುನಿಸಿನಂತೆ ಕಾಣುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಗೆ ಅಷ್ಟು ಹರಿತವಿರಲಿಲ್ಲ. ಈಗ ಹಾಗಲ್ಲ. ಕಲ್ಲಿದ್ದಲು, ಪೆಟ್ರೋಲುಗಳನ್ನು ಸುಟ್ಟು ಮನುಷ್ಯನೇ ಭೂಮಿಯ ಉಷ್ಣತೆಯನ್ನು ಏರಿಸಿದ್ದಾನೆಂಬುದು ವಿಜ್ಞಾನಿಗಳ ನಿಶ್ಚಿತ ನಿರ್ಣಯ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯು ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಆದ್ದರಿಂದ ಸುರಿದಾಗ ಮಳೆ ಒಮ್ಮೆಗೇ ಸುರಿಯುತ್ತದೆ; ಒಣಗಿದಾಗ ನೆಲ ಬೇಗ ಒಣಗುತ್ತದೆ. ಮಳೆ ಎಂದು, ಎಷ್ಟು ಎಂಬುದು ಮನುಷ್ಯನ ಕೈಯಲ್ಲಿಲ್ಲದಿರಬಹುದು. ಆದರೆ ಬಿದ್ದ ಮಳೆ ಯಾರ ಪಾಲಾಗುತ್ತದೆ, ಬೀಳದ ವರ್ಷದಲ್ಲಿ ಯಾರು ನೆಲಕಚ್ಚುತ್ತಾರೆ ಎಂಬುದು ಪೂರ್ತಿಯಾಗಿ ಮನುಷ್ಯರ ನಡತೆಯ ವಿಷಯ. ನಡತೆಯ ವಿಷಯವಾದ್ದರಿಂದಲೇ ಅದು ನೀತಿಯ ವಿಚಾರಕ್ಕೆ ಒಳಪಡುತ್ತದೆ.

ಮಾಯಕೊಂಡದ ನೆಲ

ಈ ವಿಚಾರವನ್ನು ಗಾಳಿಯಲ್ಲಿ ಮಾಡುವುದಕ್ಕಿಂತ ಒಂದು ನೆಲದ ಮೇಲೆ ನಿಂತು ಮಾಡುವುದು ಲೇಸು. ದಾವಣಗೆರೆ ತಾಲ್ಲೂಕಿನ ಮಾಯಕೊಂಡ ಚರಿತ್ರೆಯಲ್ಲಿ ಒಂದು ಕಾಳಗದಿಂದ ಹೆಸರಾದ ಊರು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಚಿತ್ರದುರ್ಗದ ಪಾಳೆಯಗಾರ ಮದಕರಿ ನಾಯಕ ಬಿದನೂರಿನವರನ್ನೂ ಅವರ ಜೊತೆಗೂಡಿದವರನ್ನೂ ಎದುರಿಸಿ ಮಡಿದದ್ದು ಇಲ್ಲಿ. ಚಿಕ್ಕಜಾಜೂರಿನಿಂದ ದಾವಣಗೆರೆಯ ಕಡೆಗೆ ಹೋಗುವ ರೈಲು ಈ ಊರಿನ ನಿಲ್ದಾಣವನ್ನು ಹಾದುಹೋಗುತ್ತದೆ. ಆ ಹಾದಿಯಲ್ಲಿ ಮುಂದೆ ಸಾಗಿದರೆ ಭದ್ರಾ ನಾಲೆಯ ನೀರುಂಡ ಭತ್ತದ ಗದ್ದೆಗಳು ಕಾಣತೊಡಗುತ್ತವೆ. ಮಾಯಕೊಂಡ, ಆನಗೋಡು ಹೋಬಳಿಗಳ ಹೆಚ್ಚಿನ ಹಳ್ಳಿಗಳಿಗಾದರೋ ಆ ಭಾಗ್ಯವಿಲ್ಲ. ಅವು ಮಳೆಯನ್ನೂ ಕೊಳವೆಬಾವಿಯನ್ನೂ ನಂಬಿದ ಹಳ್ಳಿಗಳು.

ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಈ ಕೆಂಪು ನೆಲದಲ್ಲಿ ಹಿಂದಿನವರು ಜೋಳ, ರಾಗಿ, ನವಣೆ, ತೊಗರಿ, ಅವರೆಗಳನ್ನು ಅಕ್ಕಡಿ ಸಾಲುಗಳಲ್ಲಿ ಬಿತ್ತುತ್ತಿದ್ದರು. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತಿತ್ತು. ಮಿಕ್ಕ ಕಾಳು ಹಗೇವಿನಲ್ಲಿ ಸೇರುತ್ತಿತ್ತು. ಈಚಿನ ದಶಕಗಳಲ್ಲಿ ಆ ಸಾಲುಗಳ ಜಾಗದಲ್ಲಿ ಮೆಕ್ಕೆಜೋಳವೊಂದೇ ಬಂದು ನಿಂತಿತು. ಮೆಕ್ಕೆಜೋಳದಲ್ಲಿ ದಾವಣಗೆರೆ ಜಿಲ್ಲೆ ರಾಜ್ಯದ ಮುಂಚೂಣಿಯಲ್ಲಿದೆ. ಅದರಿಂದ ರೈತನ ಕೈಗೆ ಹಣ ಬಂತೆಂಬುದೂ ದಿಟ. ಆದರೆ ಒಂದೇ ಬೆಳೆಯನ್ನು ನಂಬುವುದೆಂದರೆ ಇದ್ದ ಬಂಡವಾಳವನ್ನೆಲ್ಲ ಒಂದೇ ಸರಕಿಗೆ ಸುರಿದಂತೆ. 2018ರಲ್ಲಿ ಹೊರದೇಶದಿಂದ ಬಂದ ಸೈನಿಕ ಹುಳು ಭಾರತದಲ್ಲಿ ಮೊದಲ ಬಾರಿಗೆ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ ಪತ್ತೆಯಾದಾಗ ಈ ಮಾತಿನ ಅರ್ಥ ಎಲ್ಲರಿಗೂ ತಿಳಿಯಿತು.

ಮೆಕ್ಕೆಜೋಳದ ಜೊತೆಯಲ್ಲಿಯೇ ಅಡಿಕೆ ಬಂತು. ಮಲೆನಾಡಿನ ತಂಪಿನಲ್ಲಿ ಬೆಳೆಯುತ್ತಿದ್ದ ಮರ ಕೊಳವೆಬಾವಿಯ ಬಲದಿಂದ ಬಯಲುಸೀಮೆಯ ಅಂಚಿಗೆ ಇಳಿಯಿತು. ಅಡಿಕೆ ಒಂದು ಹಂಗಾಮಿನ ಬೆಳೆಯಲ್ಲ. ಜೋಳ ಒಣಗಿದರೆ ಒಂದು ವರ್ಷದ ನಷ್ಟ. ಅಡಿಕೆ ಒಣಗಿದರೆ ಒಂದು ತಲೆಮಾರಿನ ನಷ್ಟ. ಆದ್ದರಿಂದ ಬರದ ವರ್ಷದಲ್ಲಿ ತೋಟದವನು ನೀರಿನ ಬಳಕೆಯನ್ನು ಕಡಿಮೆ ಮಾಡಲಾರ. ಇನ್ನೂ ಆಳಕ್ಕೆ ಕೊರೆಯಿಸುತ್ತಾನೆ. ಮಳೆ ಕಡಿಮೆಯಾದಷ್ಟೂ ನೀರೆತ್ತುವುದು ಹೆಚ್ಚಾಗುವ ಈ ವಿಪರೀತವೇ ಇಂದಿನ ಬರದ ಲಕ್ಷಣ.

2023ರಲ್ಲಿ ಕರ್ನಾಟಕದ ಮುಂಗಾರು ಮಳೆ ವಾಡಿಕೆಗಿಂತ ಶೇಕಡಾ 25ರಷ್ಟು ಕಡಿಮೆಯಾಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಭದ್ರಾ ನಾಲೆಯ ನೀರಿಗಾಗಿ ದಾವಣಗೆರೆಯ ರೈತರು ಬೀದಿಗಿಳಿದರು. 2024ರ ಬೇಸಗೆಯಲ್ಲಿ ಚನ್ನಗಿರಿ, ದಾವಣಗೆರೆಯ ಕಡೆ ತೋಟ ಉಳಿಸಿಕೊಳ್ಳಲು ಟ್ಯಾಂಕರಿನಿಂದ ನೀರು ಕೊಂಡು ಅಡಿಕೆ ಮರದ ಬುಡಕ್ಕೆ ಹಾಯಿಸಿದರು. ಅದೇ ವರ್ಷದ ಮಳೆಗಾಲದಲ್ಲಿ ಭದ್ರಾ ಜಲಾಶಯ ತುಂಬಿತು. ಬರದ ನೆನಪು ನಾಲೆಯ ಮೊದಲ ನೀರಿನೊಡನೆ ಹರಿದುಹೋಯಿತು.

ಮಾಯಕೊಂಡದಿಂದ ಒಂದು ಗಂಟೆಯ ಹಾದಿಯಲ್ಲಿರುವ ಹರಿಹರದಲ್ಲಿ ಇದೇ ಕಥೆ ತಲೆಕೆಳಗಾಗಿ ನಡೆಯುತ್ತದೆ. 2019ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿದಾಗ ಹೊಳೆಯಂಚಿನ ಗಂಗಾನಗರದ ಮನೆಗಳಿಗೆ ನೀರು ನುಗ್ಗಿತು. ಆಮೇಲೂ ಹಾಗೆಯೇ ಆಗಿದೆ. ಹೊಳೆ ಬರುವ ಜಾಗವೆಂದು ತಿಳಿಯದೆ ಯಾರೂ ಅಲ್ಲಿ ಮನೆ ಕಟ್ಟಿಕೊಳ್ಳಲಿಲ್ಲ. ಊರೊಳಗಿನ ಎತ್ತರದ ನಿವೇಶನದ ಬೆಲೆ ಅವರ ಕೈಗೆ ಎಟುಕದೆ ಕಟ್ಟಿಕೊಂಡರು. ನೆರೆಯಾಗಲಿ ಬರವಾಗಲಿ, ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುವುದಿಲ್ಲ. ಉಳ್ಳವರು ಬಿಟ್ಟುಕೊಟ್ಟ ಅಂಚಿನಲ್ಲಿ ಬದುಕುವವರ ಮೇಲೆ ಮೊದಲು ಬೀಳುತ್ತದೆ.

ಒಂದು ಎಕರೆಯ ಲೆಕ್ಕ

ಧರ್ಮದ ವಿಚಾರದಲ್ಲಿ ಲೆಕ್ಕ ಬೇಡವೆನ್ನುವವರಿದ್ದಾರೆ. ಆದರೆ ಪರಿಮಾಣವಿಲ್ಲದೆ ವ್ರತವಿಲ್ಲ, ಎಣಿಕೆಯಿಲ್ಲದೆ ಪರಿಮಾಣವಿಲ್ಲ.

ಒಂದು ಎಕರೆ ನೆಲದ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಒಟ್ಟು ನೀರು ಸುಮಾರು 24 ಲಕ್ಷ ಲೀಟರ್. ಕೇಳುವುದಕ್ಕೆ ದೊಡ್ಡ ಮೊತ್ತ. ಇದರಲ್ಲಿ ಬಹುಪಾಲು ಆವಿಯಾಗುತ್ತದೆ, ಬೆಳೆಗೆ ಉಣ್ಣುತ್ತದೆ, ಹಳ್ಳಕ್ಕೆ ಹರಿಯುತ್ತದೆ. ಗಟ್ಟಿ ಶಿಲೆಯ ಮೇಲೆ ಕುಳಿತಿರುವ ಈ ಸೀಮೆಯಲ್ಲಿ ನೆಲದಾಳಕ್ಕೆ ಇಂಗುವುದು ನೂರರಲ್ಲಿ ಸುಮಾರು ಹತ್ತು ಪಾಲು ಮಾತ್ರ. ಅಂದರೆ ಒಂದು ಎಕರೆಯ ಒಡೆಯನ ಹೆಸರಿನಲ್ಲಿ ಭೂಮಿಯೊಳಗೆ ಜಮೆಯಾಗುವುದು ವರ್ಷಕ್ಕೆ 2 ಲಕ್ಷ 40 ಸಾವಿರ ಲೀಟರ್.

ಇನ್ನು ಖರ್ಚಿನ ಕಡೆ ನೋಡಬೇಕು. ಎಕರೆಗೆ 550 ಅಡಿಕೆ ಮರ. ಮಿತವ್ಯಯದ ಹನಿ ನೀರಾವರಿಯಲ್ಲಿಯೇ ಮರವೊಂದಕ್ಕೆ ಬೇಸಗೆಯಲ್ಲಿ ದಿನಕ್ಕೆ 20 ಲೀಟರ್ ಹಿಡಿದರೆ, ದಿನಕ್ಕೆ 11 ಸಾವಿರ ಲೀಟರ್. ಬೇಸಗೆಯ 120 ದಿನಗಳಿಗೆ 13 ಲಕ್ಷ 20 ಸಾವಿರ ಲೀಟರ್. ಜಮೆಯನ್ನು ಖರ್ಚಿನ ಪಕ್ಕದಲ್ಲಿ ಬರೆದರೆ ಒಂದು ಎಕರೆ ತೋಟ ಒಂದು ಬೇಸಗೆಯಲ್ಲಿ ಕುಡಿಯುವುದು ಐದೂವರೆ ಎಕರೆಯಲ್ಲಿ ಇಂಗಿದ ನೀರನ್ನು. ಒಂದು ಎಕರೆ ತನ್ನದು; ಉಳಿದ ನಾಲ್ಕೂವರೆ ಎಕರೆ ಯಾರದು? ಪಕ್ಕದ ಹೊಲದವನದು, ಊರ ಗೋಮಾಳದ್ದು, ಕೆರೆಯಂಗಳದ್ದು, ಮುಂದಿನ ವರ್ಷದ್ದು. ಹಾಯಿನೀರು ಬಿಡುವವನ ಲೆಕ್ಕ ಇದಕ್ಕಿಂತಲೂ ದೊಡ್ಡದು.

ಇದೇ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ಹೇಳಬಹುದು. ಕೇಂದ್ರ ಸರ್ಕಾರದ ಜಲಜೀವನ ಯೋಜನೆ ಹಳ್ಳಿಯ ಪ್ರತಿಯೊಬ್ಬನಿಗೂ ದಿನಕ್ಕೆ 55 ಲೀಟರ್ ನೀರೆಂದು ನಿಗದಿ ಮಾಡಿದೆ. ಒಂದು ಎಕರೆ ಅಡಿಕೆಯ ಒಂದು ದಿನದ ನೀರು 200 ಜನರ ಒಂದು ದಿನದ ನೀರಿಗೆ ಸಮ. ತೋಟದವನು ದುಷ್ಟನಲ್ಲ, ಮಕ್ಕಳ ಓದಿಗೆ, ಮಗಳ ಮದುವೆಗೆ ದುಡಿಯುವ ಸಂಸಾರಿ. ಆದರೆ ಸಂಸಾರಿಯ ಒಳ್ಳೆಯತನದಿಂದ ಲೆಕ್ಕ ಬದಲಾಗುವುದಿಲ್ಲ.

ಕೊಡದ ನೀರು

ಕಾಯಿದೆ ಇದನ್ನು ತಪ್ಪೆಂದು ಎಣಿಸಿಲ್ಲ. ಬ್ರಿಟಿಷರ ಕಾಲದ 1882ರ ಅನುಭೋಗದ ಹಕ್ಕುಗಳ ಕಾಯಿದೆ ತನ್ನ ನೆಲದ ಕೆಳಗಿನ ನೀರನ್ನು ಎತ್ತಿಕೊಳ್ಳುವ ಹಕ್ಕನ್ನು ಭೂಮಿಯ ಒಡೆಯನಿಗೆ ಕೊಟ್ಟಿತು. ಕೈಯಿಂದ ತೋಡಿದ ಬಾವಿ, ಎತ್ತುಗಳ ಕಪಿಲೆ ಇದ್ದ ಕಾಲದ ಮಾತು ಅದು. ಎತ್ತಿನ ದಣಿವೇ ಆಗ ನೀರೆತ್ತುವುದಕ್ಕೆ ಮಿತಿಯಾಗಿತ್ತು. ಕರ್ನಾಟಕದಲ್ಲಿ 1999ರಲ್ಲಿ ಬಂದ ಕಾಯಿದೆಯ ಪ್ರಕಾರ ಕುಡಿಯುವ ನೀರಿನ ಸಾರ್ವಜನಿಕ ಮೂಲದಿಂದ 500 ಮೀಟರಿನ ಒಳಗೆ ಅನುಮತಿಯಿಲ್ಲದೆ ಕೊರೆಯುವಂತಿಲ್ಲ. 2011ರಲ್ಲಿ ಅಂತರ್ಜಲ ನಿಯಂತ್ರಣಕ್ಕೆಂದು ಇನ್ನೊಂದು ಕಾಯಿದೆ ಬಂತು. ಕಾಯಿದೆ ಬೇಲಿ ಹಾಕಬಲ್ಲದು. ಬೇಲಿಯೊಳಗಿನ ಆಸೆಯನ್ನು ಅಳೆಯಲಾರದು. ಅದನ್ನು ಅಳೆಯುವ ಕೋಲು ಬೇರೆಡೆ ಇದೆ.

ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಕಳವೆಂದು ಶ್ರಾವಕಾಚಾರಗಳು ಹೇಳುತ್ತವೆ. ಹಾಗಾದರೆ ಪರರ ಬಾವಿಯ ನೀರು? ಈ ಪ್ರಶ್ನೆ ಪ್ರಾಚೀನ ಆಚಾರ್ಯರಿಗೂ ಎದುರಾಗಿತ್ತು. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಬಾವಿ ಮೊದಲಾದವುಗಳ ನೀರನ್ನು ತೆಗೆದುಕೊಳ್ಳುವುದನ್ನು ಬಿಡಲಾರದ ಗೃಹಸ್ಥನಿಗೆ ಅದೊಂದನ್ನು ಸಡಿಲಿಸಿ, ಕೊಡದ ಬೇರೆಲ್ಲ ವಸ್ತುಗಳನ್ನು ಬಿಡಬೇಕೆಂದು ವಿಧಿಸಿದ್ದಾರೆ. ಈ ವಿನಾಯಿತಿಯ ಒಳಗಿನ ಸೂಕ್ಷ್ಮವನ್ನು ಗಮನಿಸಬೇಕು. ನೀರು ಎಲ್ಲರದಾದ್ದರಿಂದ ಹೇಗೆ ಬೇಕಾದರೂ ತೆಗೆದುಕೊಳ್ಳಬಹುದೆಂದು ಆಚಾರ್ಯರು ಹೇಳಲಿಲ್ಲ. ನೀರಿಲ್ಲದೆ ಗೃಹಸ್ಥನ ಬದುಕು ನಡೆಯದು ಎಂಬ ಅಶಕ್ತಿಗೆ ಮರುಗಿ ಸಡಿಲಿಸಿದರು. ಆ ವಿನಾಯಿತಿ ಕೊಡ ಹಿಡಿದು ಬಂದವನಿಗೆ ಕೊಟ್ಟದ್ದು. ಏಳೂವರೆ ಅಶ್ವಶಕ್ತಿಯ ಮೋಟರಿಗೆ ಕೊಟ್ಟದ್ದಲ್ಲ. ಅಗತ್ಯಕ್ಕೆ ದೊರೆತ ಕ್ಷಮೆಯನ್ನು ಆಸೆಗೆ ಬಳಸಿಕೊಂಡರೆ ಅದು ಕ್ಷಮೆಯಾಗಿ ಉಳಿಯುವುದಿಲ್ಲ.

ಇನ್ನೊಂದು ಮಾತು. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ರಾಜ್ಯದಲ್ಲಿ 2008ರಿಂದ ವಿದ್ಯುತ್ತು ಉಚಿತ. ಹಳ್ಳಿಗಳಿಗೆ ವಿದ್ಯುತ್ತು ಬಹುಮಟ್ಟಿಗೆ ರಾತ್ರಿಯಲ್ಲಿ ಬರುತ್ತದೆ. ರೈತನಿಗೆ ನಿದ್ದೆಗೆಟ್ಟು ಕಾಯುವುದು ಕಷ್ಟ. ಹಾವು ಚೇಳುಗಳ ಭಯ ಬೇರೆ. ಆದ್ದರಿಂದ ಆಟೋ ಸ್ಟಾರ್ಟರ್ ಹಾಕಿ ಮಲಗುತ್ತಾನೆ. ನಡುರಾತ್ರಿ ವಿದ್ಯುತ್ತು ಬಂದೊಡನೆ ಸಾವಿರಾರು ಮೋಟರುಗಳು ತಾವಾಗಿಯೇ ಹೊರಳುತ್ತವೆ. ಯಾರೂ ಎಚ್ಚರವಿಲ್ಲದಾಗ ನೀರು ಹರಿಯುತ್ತದೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದನ್ನೂ ನೀರು ಚೆಲ್ಲುವುದನ್ನೂ ಸಮಂತಭದ್ರಾಚಾರ್ಯರು ಪ್ರಮಾದಚರ್ಯೆಯೆಂದು ಕರೆದು ಅನರ್ಥದಂಡಗಳಲ್ಲಿ ಸೇರಿಸಿದರು. ಪ್ರಮಾದವೆಂದರೆ ಎಚ್ಚರದಪ್ಪಿರುವುದು. ಒಡೆಯ ನಿದ್ರಿಸುತ್ತಿರುವಾಗ ಓಡುವ ಮೋಟರಿಗಿಂತ ಆ ಪದಕ್ಕೆ ಸ್ಪಷ್ಟವಾದ ಉದಾಹರಣೆ ಸಿಗಲಾರದು.

ಬಡವನ ಆಕ್ಷೇಪ

ಈ ವಾದಕ್ಕೆ ಮಾಯಕೊಂಡದ ಒಬ್ಬ ಸಣ್ಣ ಹಿಡುವಳಿದಾರ ಒಡ್ಡಬಹುದಾದ ಆಕ್ಷೇಪ ಬಲವಾದದ್ದು. ಅವನು ಹೀಗೆ ಕೇಳಬಹುದು: “ನಾಲೆಯ ಮೇಲಣ ಊರಿನವರು ವರ್ಷಕ್ಕೆ ಎರಡು ಭತ್ತದ ಬೆಳೆ ತೆಗೆಯುತ್ತಾರೆ. ಪೇಟೆಯವರು ಅಂಗಳ ತೊಳೆಯುವುದಕ್ಕೂ ಕುಡಿಯುವ ನೀರನ್ನೇ ಬಳಸುತ್ತಾರೆ. ಎರಡು ಎಕರೆಯ ನಾನು ಮಾತ್ರ ಮಿತಿಯ ವ್ರತ ಹಿಡಿಯಬೇಕೋ? ನಾನು ಎತ್ತದಿದ್ದರೆ ಪಕ್ಕದವನು ಎತ್ತುತ್ತಾನೆ. ನನ್ನ ತ್ಯಾಗದಿಂದ ಉಳಿದ ನೀರು ಅವನ ತೋಟಕ್ಕೆ ಹೋಗುತ್ತದೆ. ಇದರಲ್ಲಿ ಧರ್ಮವೇನು ಬಂತು?”

ಇದರಲ್ಲಿ ಎರಡು ಆಕ್ಷೇಪಗಳಿವೆ. ಎರಡಕ್ಕೂ ಬೇರೆ ಬೇರೆ ಉತ್ತರ ಬೇಕು.

ಮೊದಲನೆಯದು ನ್ಯಾಯದ ಆಕ್ಷೇಪ. ಅದು ಸರಿ. ಭದ್ರಾ ಅಚ್ಚುಕಟ್ಟಿನ ಮೇಲ್ಭಾಗದಲ್ಲಿ ಅಳತೆ ಮೀರಿ ಬಳಸಿದ ನೀರಿನಿಂದ ಕೊನೆಭಾಗದವರು ವರ್ಷ ವರ್ಷವೂ ಬಳಲುತ್ತಿದ್ದಾರೆ. ನಾಲೆಯ ಉದ್ದಕ್ಕೂ ಅಕ್ರಮವಾಗಿ ಪಂಪ್‌ಸೆಟ್ ಇಟ್ಟು ನೀರೆತ್ತುವವರು ಬಡವರೇ ಆಗಬೇಕೆಂದಿಲ್ಲ. ಮಿತಿಯನ್ನು ಬೋಧಿಸುವುದು ಉಳ್ಳವರಿಂದ ಆರಂಭವಾಗದೆ ಹೋದರೆ ಅದು ಧರ್ಮಬೋಧೆಯಲ್ಲ, ದರ್ಪ. ಪರಿಗ್ರಹಕ್ಕೆ ಪರಿಮಾಣ ಹಾಕಿಕೊಳ್ಳಬೇಕೆಂದು ಹೇಳಿದ್ದು ಪರಿಗ್ರಹ ಇರುವವನಿಗೆ. ಎರಡು ಹೊತ್ತಿನ ಅಂಬಲಿಗೆ ಒದ್ದಾಡುವವನಿಗೆ ಅಪರಿಗ್ರಹವನ್ನು ಉಪದೇಶಿಸುವುದು ಅಪಹಾಸ್ಯ. ಇದೇ ಮಾತು ರಾಷ್ಟ್ರಗಳಿಗೂ ಸಲ್ಲುತ್ತದೆ: ಗಾಳಿಗೆ ಹೊಗೆ ತುಂಬಿ ಶ್ರೀಮಂತವಾದ ದೇಶಗಳು ಮಳೆ ನಂಬಿದ ರೈತನಿಗೆ ಸಂಯಮ ಕಲಿಸುವ ಮೊದಲು ತಮ್ಮ ಖಾತೆಯನ್ನು ತೆರೆದು ನೋಡಿಕೊಳ್ಳಬೇಕು.

ಎರಡನೆಯದು ನಿಷ್ಫಲತೆಯ ಆಕ್ಷೇಪ. ಒಬ್ಬನ ಸಂಯಮ ಇನ್ನೊಬ್ಬನ ಲಾಭವಾಗುವುದಾದರೆ ಸಂಯಮ ಏಕೆ? ವ್ರತಿಯ ಆತ್ಮಶುದ್ಧಿಗೆ ಅವನ ಸಂಯಮ ಸಾಕು ಎಂದು ಒಂದು ಉತ್ತರವಿದೆ. ಅದು ತನ್ನ ಮಟ್ಟಿಗೆ ಸರಿಯಾದರೂ ಹಳ್ಳಿಯ ಬಾವಿಯನ್ನು ತುಂಬಿಸಲಾರದು. ನೀರಿನಂಥ ಹಂಚಿಕೊಂಡ ವಸ್ತುವಿನಲ್ಲಿ ಒಬ್ಬನ ವ್ರತ ಊರಿನ ಕಟ್ಟುಪಾಡಾಗದೆ ಫಲ ಕೊಡುವುದಿಲ್ಲ. ಹಾಗೆಂದು ಕಟ್ಟುಪಾಡು ಆಕಾಶದಿಂದ ಇಳಿಯುವುದೂ ಇಲ್ಲ. ಮೊದಲು ಕೆಲವರು ಹಿಡಿದ ವ್ರತದಿಂದಲೇ ಅದು ಹುಟ್ಟುತ್ತದೆ.

ಕೆರೆ, ಹಗೇವು, ಕಟ್ಟುಪಾಡು

ಈ ಬಗೆಯ ಕಟ್ಟುಪಾಡು ಕನ್ನಡ ನೆಲಕ್ಕೆ ಹೊಸದಲ್ಲ. ಕೆರೆ ಕಟ್ಟಿಸಿದವನಿಗೂ ಜೀರ್ಣೋದ್ಧಾರ ಮಾಡಿದವನಿಗೂ ಭೂಮಿಯನ್ನು ಕೊಡಗಿಯಾಗಿ ಬಿಟ್ಟುದನ್ನು ಶಾಸನಗಳು ಹೇಳುತ್ತವೆ. ಕೆರೆಯ ಆದಾಯದ ಒಂದು ಪಾಲು ಕೆರೆಗೇ ಹಿಂದಿರುಗಬೇಕೆಂಬುದು ಅದರ ತಿರುಳು. ತೂಬಿನ ಬೀಗ ನೀರಗಂಟಿಯ ಕೈಯಲ್ಲಿತ್ತು. ಕೆರೆಯಲ್ಲಿ ನೀರು ಕಡಿಮೆಯಿರುವ ವರ್ಷ ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ಊರಿನವರು ಕೂಡಿ ತೀರ್ಮಾನಿಸಿ, ಅವನ ಮೂಲಕ ನಡೆಸುತ್ತಿದ್ದರು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಎರಡು ಗುಡ್ಡಗಳ ನಡುವೆ ಏರಿ ಹಾಕಿ ಕಟ್ಟಿದ್ದು. ಶತಮಾನಗಳು ಕಳೆದರೂ ಆ ಏರಿ ನಿಂತಿದೆ, ಅಲ್ಲಿಂದ ಹೊರಟ ಹರಿದ್ರಾ ಹೊಳೆ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಮೈಸೂರು ಸಂಸ್ಥಾನದಲ್ಲಿ ಎಂಜಿನಿಯರರಾಗಿದ್ದ ಸ್ಯಾಂಕಿಯವರು 1866ರಲ್ಲಿ, ಈ ಸೀಮೆಯಲ್ಲಿ ಹೊಸದಾಗಿ ಕೆರೆ ಕಟ್ಟಲು ಜಾಗ ಹುಡುಕುವುದೇ ಕಷ್ಟವೆಂಬ ಅಭಿಪ್ರಾಯವನ್ನು ಬರೆದಿಟ್ಟರು. ಅಷ್ಟು ಪೂರ್ಣವಾಗಿತ್ತು ಹಿಂದಿನವರ ಏರ್ಪಾಟು.

ಹಾಗಿದ್ದರೂ ಹಿಂದಿನ ಕಾಲವೇ ಸ್ವರ್ಗವೆಂದು ಹಾಡಬೇಕಾಗಿಲ್ಲ. ಸ್ಯಾಂಕಿಯವರ ಮಾತಿಗೆ ಹತ್ತು ವರ್ಷ ತುಂಬುವಷ್ಟರಲ್ಲಿ, 1876ರಿಂದ 1878ರವರೆಗೆ, ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮ ಬಂತು. 1871ರಲ್ಲಿ 50 ಲಕ್ಷವನ್ನು ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕಿಂತಲೂ ಕಡಿಮೆಯಾಗಿತ್ತು. ಕೆರೆಗಳಿದ್ದರೂ ಜನ ಸತ್ತರು. ಕಾಳು ಇದ್ದಲ್ಲಿಯೂ ಕೊಳ್ಳುವ ಹಣವಿಲ್ಲದೆ ಸತ್ತರು. ಕ್ಷಾಮವೆಂದರೆ ಆಹಾರವಿಲ್ಲದ ಸ್ಥಿತಿಯೇ ಆಗಬೇಕಿಲ್ಲ, ಆಹಾರವನ್ನು ಪಡೆಯುವ ಶಕ್ತಿಯಿಲ್ಲದ ಸ್ಥಿತಿ ಎಂದು ಅಮರ್ತ್ಯ ಸೇನರು 1981ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ತೋರಿಸಿದ್ದು ಇದನ್ನೇ. ಆದ್ದರಿಂದ ಕೆರೆ, ಹಗೇವುಗಳಷ್ಟೇ ಸಾಲವು. ಅವು ತುಂಬಿರುವಾಗ ಅವುಗಳ ಮೇಲೆ ಬಡವನ ಹಕ್ಕು ಎಷ್ಟೆಂಬುದು ಮೊದಲೇ ಗೊತ್ತಾಗಿರಬೇಕು.

ಕಟ್ಟುಪಾಡು ಇಂದಿಗೂ ಸಾಧ್ಯವೆಂಬುದಕ್ಕೆ ಮಹಾರಾಷ್ಟ್ರದ ಹಿವರೆ ಬಾಜಾರ್ ಸಾಕ್ಷಿ. ಹಿಂದೆ ಅಹ್ಮದ್‌ನಗರವೆಂದಿದ್ದು ಈಗ ಅಹಿಲ್ಯಾನಗರವೆನಿಸಿರುವ ಜಿಲ್ಲೆಯ ಆ ಹಳ್ಳಿಯಲ್ಲಿ ಮಳೆ ದಾವಣಗೆರೆಗಿಂತಲೂ ಕಡಿಮೆ. 1989ರಲ್ಲಿ ಸರಪಂಚರಾದ ಪೋಪಟರಾವ್ ಪವಾರರ ನೇತೃತ್ವದಲ್ಲಿ ಗ್ರಾಮಸ್ಥರು ಬದು, ಒಡ್ಡುಗಳನ್ನು ಹಾಕಿ ಮಳೆನೀರನ್ನು ಇಂಗಿಸಿದರು. ಅಷ್ಟಕ್ಕೇ ನಿಂತಿದ್ದರೆ ಅದು ಸಾವಿರ ಯೋಜನೆಗಳಲ್ಲಿ ಒಂದಾಗುತ್ತಿತ್ತು. ಅವರು ಬೇಸಾಯಕ್ಕೆ ಕೊಳವೆಬಾವಿ ಕೊರೆಯಿಸಬಾರದೆಂದೂ ಕಬ್ಬು, ಬಾಳೆಯಂಥ ಹೆಚ್ಚು ನೀರಿನ ಬೆಳೆ ಬೆಳೆಯಬಾರದೆಂದೂ ಗೊತ್ತುಮಾಡಿಕೊಂಡರು. ಪ್ರತಿವರ್ಷ ಬಿದ್ದ ಮಳೆಯನ್ನು ಅಳೆದು ಗ್ರಾಮಸಭೆಯಲ್ಲಿ ನೀರಿನ ಆಯವ್ಯಯ ಮಂಡಿಸಿ, ಮೊದಲು ಜನಕ್ಕೂ ದನಕ್ಕೂ ಕುಡಿಯುವ ನೀರು ತೆಗೆದಿಟ್ಟು, ಉಳಿದದ್ದಕ್ಕೆ ತಕ್ಕ ಬೆಳೆ ಬಿತ್ತುತ್ತಾರೆ.

ಸಮಂತಭದ್ರರು ಭೋಗೋಪಭೋಗ ಪರಿಮಾಣವನ್ನು ಹೇಳುವಾಗ ಜೀವನಪರ್ಯಂತ ಹಿಡಿಯುವುದನ್ನು ಯಮವೆಂದೂ ಕಾಲಮಿತಿಯಿಟ್ಟು ಹಿಡಿಯುವುದನ್ನು ನಿಯಮವೆಂದೂ ವಿಂಗಡಿಸಿದರು. ಹಿವರೆ ಬಾಜಾರಿನವರಿಗೆ ಈ ಪರಿಭಾಷೆ ತಿಳಿದಿರಬೇಕಾಗಿಲ್ಲ. ಆದರೂ ಕೊಳವೆಬಾವಿಯ ನಿಷೇಧ ಅವರ ಯಮ. ವರ್ಷ ವರ್ಷದ ನೀರಿನ ಲೆಕ್ಕ ಅವರ ನಿಯಮ.

ದಾವಣಗೆರೆ ಜಿಲ್ಲೆಯಲ್ಲಿ ತುಂಗಭದ್ರೆಯಿಂದ ನೀರೆತ್ತಿ 22 ಕೆರೆಗಳನ್ನು ತುಂಬಿಸುವ ಯೋಜನೆಯೂ, ಜಗಳೂರು ಸೀಮೆಯ 57 ಕೆರೆಗಳನ್ನು ತುಂಬಿಸುವ ಯೋಜನೆಯೂ ಕೈಗೊಂಡಿವೆ. ದಶಕಗಳಿಂದ ಒಣಗಿದ ಕೆರೆಗೆ ನೀರು ಬಂದುದನ್ನು ಕಂಡ ಊರಿನ ಆನಂದ ಸಣ್ಣದಲ್ಲ. ಆದರೆ ಕೊಳವೆ ನೀರನ್ನು ತರುತ್ತದೆಯೇ ಹೊರತು ಮಿತಿಯನ್ನು ತರುವುದಿಲ್ಲ. ತುಂಬಿದ ಕೆರೆಯ ಸುತ್ತ ಹೊಸ ಕೊಳವೆಬಾವಿಗಳೂ ಹೊಸ ಅಡಿಕೆ ಸಸಿಗಳೂ ಏಳುವುದಾದರೆ, ಹೊಳೆಯೇ ಬತ್ತುವ ಮುಂದಿನ ಬರದಲ್ಲಿ ಬೀಳುವ ಪೆಟ್ಟು ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಕೆರೆ ತುಂಬಿದ ದಿನ ಬಾಗಿನ ಬಿಡಲು ಸೇರುವ ಜನ, ಅದೇ ಏರಿಯ ಮೇಲೆ ಕುಳಿತು ಈ ನೀರಿಗೆ ಎಷ್ಟು ಎಕರೆ ತೋಟವೆಂದು ಗೊತ್ತುಮಾಡಿ ಏಳುವುದಾದರೆ ಆ ಬಾಗಿನ ಸಾರ್ಥಕವಾದೀತು.

ವರ್ತಕನ ಪಾಲು

ರೈತನ ಮಿತಿಯನ್ನು ಇಷ್ಟು ವಿಚಾರಿಸಿದ ಮೇಲೆ ಪೇಟೆಯ ಮಿತಿಯನ್ನು ವಿಚಾರಿಸದೆ ಬಿಡುವುದು ಪಕ್ಷಪಾತ. ಬರ ಬಂದಾಗ ಎತ್ತು, ಹೊಲ, ಒಡವೆ ಅಗ್ಗವಾಗುತ್ತವೆ; ಮೇವು, ನೀರು, ಸಾಲ ತುಟ್ಟಿಯಾಗುತ್ತವೆ. ಮಾರುವವನು ರೈತ, ಕೊಳ್ಳುವವನು ಹಣವಿದ್ದವನು. ಎಲ್ಲವೂ ಒಪ್ಪಿಗೆಯಿಂದಲೇ ನಡೆಯುತ್ತದೆ, ಕಾಗದಪತ್ರ ಸರಿಯಾಗಿರುತ್ತದೆ, ತೂಕವೂ ಸರಿಯಾಗಿರಬಹುದು. ಇದರಲ್ಲಿ ತಪ್ಪೆಲ್ಲಿದೆ?

ಅಚೌರ್ಯ ವ್ರತದ ಅತಿಚಾರಗಳಲ್ಲಿ ಕಳ್ಳ ಅಳತೆ, ಕಲಬೆರಕೆಗಳ ಸಾಲಿನಲ್ಲಿಯೇ ‘ವಿರುದ್ಧರಾಜ್ಯಾತಿಕ್ರಮ’ ಎಂಬುದೊಂದಿದೆ. ಇದನ್ನು ಕೇವಲ ರಾಜಾಜ್ಞೆಯ ಉಲ್ಲಂಘನೆ ಎಂದು ಓದುವ ರೂಢಿಯುಂಟು. ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’ ಇನ್ನೊಂದು ಅರ್ಥವನ್ನು ಬಿಡಿಸಿ ತೋರಿಸುತ್ತದೆ: ರಾಜ್ಯ ಕದಡಿದ ಹೊತ್ತಿನಲ್ಲಿ ಬೆಲೆಬಾಳುವ ವಸ್ತುಗಳು ಅಲ್ಪಬೆಲೆಗೆ ಸಿಗುತ್ತವೆಂದು, ನ್ಯಾಯದ ದಾರಿ ಬಿಟ್ಟು ಕೊಳ್ಳಹೊರಡುವುದು. ಕದಡಿದ ಕಾಲವೆಂದರೆ ಯುದ್ಧವೊಂದೇ ಅಲ್ಲ. 223 ತಾಲ್ಲೂಕುಗಳಲ್ಲಿ ಬೆಳೆ ಒಣಗಿದ ವರ್ಷಕ್ಕಿಂತ ಹೆಚ್ಚು ಕದಡಿದ ಕಾಲ ಯಾವುದು? ಆ ವರ್ಷದಲ್ಲಿ ನೆರೆಯವನ ಎರಡು ಎಕರೆ ಅರ್ಧ ಬೆಲೆಗೆ ಬಂದಾಗ ಕೊಂಡು, ಮರುವರ್ಷ ಅದೇ ಊರಿನ ಗಂಜಿಕೇಂದ್ರಕ್ಕೆ ಐದು ಚೀಲ ಅಕ್ಕಿ ಕೊಟ್ಟರೆ ಲೆಕ್ಕದ ಎರಡು ಪುಟಗಳು ಸರಿಹೋಗುವುದಿಲ್ಲ.

ವರ್ತಕನಿಗೆ ಹಿರಿಯ ಮೇಲ್ಪಂಕ್ತಿಯೂ ಉಂಟು. ಹದಿಮೂರನೆಯ ಶತಮಾನದಲ್ಲಿ ಕಚ್ಛದ ಭದ್ರೇಶ್ವರದಲ್ಲಿದ್ದ ಜಗಡೂ ಶಾಹನೆಂಬ ಜೈನ ವರ್ತಕನ ಕಥೆಯನ್ನು ‘ಜಗಡೂಚರಿತ’ ಹೇಳುತ್ತದೆ. ಮೂರು ವರ್ಷಗಳ ಕ್ಷಾಮ ಬರಲಿದೆಯೆಂದು ಗುರುಗಳು ಎಚ್ಚರಿಸಿದಾಗ ಅವನು ಊರೂರುಗಳಲ್ಲಿ ಧಾನ್ಯ ಕೊಂಡು ಕೂಡಿಸಿಟ್ಟ. ಕ್ಷಾಮ ಬಂದಾಗ ಗುಜರಾತಿನ ದೊರೆ ಅವನನ್ನು ಕರೆಸಿ ಧಾನ್ಯ ಕೇಳಿದ. ತನ್ನದೆಂಬ ಧಾನ್ಯ ಒಂದು ಕಾಳೂ ಇಲ್ಲವೆಂದು ವರ್ತಕ ಬಿನ್ನವಿಸಿದ. ಕಣಜ ತೆರೆದು ನೋಡಿದರೆ ಇದು ಬಡವರಿಗಾಗಿ ಇಟ್ಟದ್ದೆಂದು ಬರೆದ ತಾಮ್ರದ ಫಲಕವಿತ್ತು. ಈ ಕಥೆಯಲ್ಲಿ ಅವನು ಎಷ್ಟು ಮೂಟೆ ಹಂಚಿದನೆಂಬುದಕ್ಕಿಂತ ಫಲಕವನ್ನು ಯಾವಾಗ ಬರೆಸಿದನೆಂಬುದು ಮುಖ್ಯ. ಕ್ಷಾಮಕ್ಕೆ ಮುಂಚೆ ಬರೆಸಿದ. ಬೆಲೆ ಏರುವ ಮುಂಚೆ, ಆಸೆ ಏಳುವ ಮುಂಚೆ ಬರೆಸಿದ. ಬೆಲೆ ಹತ್ತು ಪಟ್ಟಾದ ಮೇಲೆ ತನ್ನ ಮನಸ್ಸನ್ನೇ ತಾನು ನಂಬಲಾರೆನೆಂಬ ತಿಳಿವು ಆ ಫಲಕದಲ್ಲಿದೆ. ವ್ರತವೆಂದರೆ ಅದೇ: ಮೋಹದ ಗಳಿಗೆ ಬರುವ ಮುನ್ನ, ಮನಸ್ಸು ತಿಳಿಯಾಗಿರುವಾಗ, ತನಗೆ ತಾನೇ ಬರೆದಿಟ್ಟ ಫಲಕ.

ಇಂದು ಮುನ್ಸೂಚನೆಗೆ ಗುರುಗಳ ಅತಿಶಯಜ್ಞಾನ ಬೇಕಾಗಿಲ್ಲ. ಹವಾಮಾನ ಇಲಾಖೆ ಮುಂಗಾರಿನ ಅಂದಾಜನ್ನು ಏಪ್ರಿಲಿನಲ್ಲಿಯೇ ಹೇಳುತ್ತದೆ. ಸಿಗದೆ ಇರುವುದು ಫಲಕ ಮಾತ್ರ. ಮಂಡಿಪೇಟೆಯ ವರ್ತಕರು ಒಳ್ಳೆಯ ಮಳೆಯ ವರ್ಷದಲ್ಲಿ ಕೂಡಿ ಕುಳಿತು ಮೂರು ಮಾತುಗಳನ್ನು ಗೊತ್ತುಮಾಡಿಕೊಳ್ಳಬಹುದು: ಬರ ಘೋಷಣೆಯಾದ ವರ್ಷದಲ್ಲಿ ಹಿಂದಿನ ವರ್ಷದ ಬೆಲೆಗಿಂತ ಕಡಿಮೆಗೆ ಹೊಲ ಕೊಳ್ಳುವುದಿಲ್ಲ, ಆ ವರ್ಷದ ಸಾಲಕ್ಕೆ ಬಡ್ಡಿ ಏರಿಸುವುದಿಲ್ಲ, ಮೇವು ಹೇರಳವಾಗಿರುವಾಗ ಕೊಂಡಿಟ್ಟದ್ದನ್ನು ಬರದಲ್ಲಿ ಕೊಂಡ ಬೆಲೆಗೇ ಕೊಡುತ್ತೇವೆ. ಇದರಿಂದ ಯಾರ ಅಂಗಡಿಯೂ ಮುಚ್ಚುವುದಿಲ್ಲ. ಆದರೆ ಎಷ್ಟೋ ರೈತರ ಹೊಲ ಅವರ ಕೈಯಲ್ಲಿ ಉಳಿಯುತ್ತದೆ. ಹೊಲ ಉಳಿದ ಊರು ಮುಂದಿನ ಮಳೆಗೆ ಮತ್ತೆ ಎದ್ದು ನಿಲ್ಲುತ್ತದೆ.

ಸಮುದಾಯವೊಂದು ಆಪತ್ತನ್ನು ತಾಳಿಕೊಳ್ಳುವ ಶಕ್ತಿಯೆಂದು ಇಂದು ಸರ್ಕಾರಗಳೂ ಸಂಸ್ಥೆಗಳೂ ಹೇಳುವ ಮಾತಿನ ಒಳತಿರುಳು ಇಷ್ಟೇ. ಅಣೆಕಟ್ಟು, ಕೊಳವೆ, ವಿಮೆ, ಕೃಷಿಹೊಂಡ ಎಲ್ಲವೂ ಬೇಕು. ಆದರೆ ಜೀವಗಳು ಒಂದಕ್ಕೊಂದು ಉಪಕಾರಿಗಳೆಂಬ ತತ್ತ್ವವನ್ನು ಬಾಯಲ್ಲಿ ಹೇಳಿ, ನೆಲದ ಕೆಳಗಿನ ನೀರಿನಲ್ಲಿಯೂ ಸಂತೆಯ ಬೆಲೆಯಲ್ಲಿಯೂ ಮರೆಯುವ ಊರನ್ನು ಯಾವ ಅಣೆಕಟ್ಟೂ ಕಾಯಲಾರದು. ಬರದಲ್ಲಿ ಮಾಡುವ ದಾನ ಉಳ್ಳವನ ಕರುಣೆಯನ್ನು ತೋರಿಸುತ್ತದೆ. ಬರಕ್ಕೆ ಮುಂಚೆ ಒಪ್ಪಿಕೊಂಡ ಮಿತಿ ಇಲ್ಲದವನ ಪಾಲನ್ನು ಅವನ ಬಳಿಯಲ್ಲಿಯೇ ಉಳಿಸುತ್ತದೆ. ಅವನು ಕೈಚಾಚುವ ಪ್ರಸಂಗವೇ ಬರುವುದಿಲ್ಲ. ಭದ್ರಾ ತುಂಬಿದ ವರ್ಷವೇ, ಬಾವಿಗಳಲ್ಲಿ ನೀರು ಕಾಣುವ ತಿಂಗಳೇ ಆ ಮಿತಿಯನ್ನು ಒಪ್ಪಿಕೊಳ್ಳುವುದಕ್ಕೆ ತಕ್ಕ ಕಾಲ. ಬಾವಿ ಬತ್ತಿದ ಮೇಲೆ ಹಾಕಿಕೊಳ್ಳುವ ಮಿತಿಗೆ ವ್ರತವೆಂಬ ಹೆಸರು ಸಲ್ಲುವುದಿಲ್ಲ.